ಉದ್ಯೋಗಾನಂತರದ ಆರೋಗ್ಯವಿಮೆ ಮತ್ತು ನೋಟೀಸಿನ ವಿಧಿ: ಅಮೆರಿಕದ ಒಂದು ಶಾಸನದ ವಿವೇಚನೆ

ಹಕ್ಕೊಂದು ಶಾಸನದಲ್ಲಿ ಲಿಖಿತವಾದ ಮಾತ್ರಕ್ಕೆ ಹಕ್ಕುದಾರನ ಕೈಸೇರಿದಂತಾಗುವುದಿಲ್ಲ. ಅದು ತನಗುಂಟೆಂಬುದು ಅವನಿಗೆ ತಕ್ಕ ಕಾಲದಲ್ಲಿ ತಿಳಿದಿರಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ‘ಕೋಬ್ರಾ’ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಹೆಸರು ಕೇಳಿ ಸರ್ಪವನ್ನು ನೆನೆಯಬೇಕಾಗಿಲ್ಲ. 1986ನೆಯ ಏಪ್ರಿಲ್ 7ರಂದು ಅಧ್ಯಕ್ಷ ರೇಗನ್ನರ ಅಂಕಿತ ಪಡೆದ, ಆಯವ್ಯಯಕ್ಕೆ ಸಂಬಂಧಿಸಿದ ಬೃಹತ್ ಶಾಸನವೊಂದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಈ ಶಬ್ದವಾಗಿದೆ.

ಆರೋಗ್ಯವಿಮೆಗೂ ನೌಕರಿಗೂ ಅಲ್ಲಿ ಇಷ್ಟು ಬಿಗಿಯಾದ ಗಂಟು ಬಿದ್ದದ್ದು ಯುದ್ಧಕಾಲದಲ್ಲಿ. 1942ರಲ್ಲಿ ಸರ್ಕಾರ ವೇತನದ ಏರಿಕೆಗೆ ಕಡಿವಾಣ ಹಾಕಿತು. ಮಿತವಾದ ವಿಮಾ ಸೌಲಭ್ಯವನ್ನು ಮಾತ್ರ ವೇತನವೆಂದು ಎಣಿಸಲಿಲ್ಲ. ಕೆಲಸಗಾರರ ಅಭಾವದಿಂದ ಬಳಲುತ್ತಿದ್ದ ಮಾಲಿಕರು ಈ ದಾರಿಯನ್ನು ಹಿಡಿದರು. 1954ರ ತೆರಿಗೆ ಸಂಹಿತೆ ಮಾಲಿಕನು ತೆರುವ ವಿಮಾ ಕಂತು ನೌಕರನ ಆದಾಯವಲ್ಲವೆಂದು ಸ್ಪಷ್ಟಪಡಿಸಿ ಆ ಗಂಟನ್ನು ಭದ್ರಗೊಳಿಸಿತು. ಪರಿಣಾಮವಾಗಿ, ನೌಕರಿ ಹೋದ ದಿನವೇ ಮನೆಮಂದಿಯ ವಿಮೆಯೂ ಹೋಗುವ ಸ್ಥಿತಿ ಬಂದಿತು.

ಕೋಬ್ರಾ ಈ ಗಂಟನ್ನು ಬಿಚ್ಚಲಿಲ್ಲ, ತುಸು ಸಡಿಲಿಸಿತು. 20 ಅಥವಾ ಅದಕ್ಕೂ ಹೆಚ್ಚು ನೌಕರರುಳ್ಳ ಸಂಸ್ಥೆಗೆ ಅದು ಅನ್ವಯಿಸುತ್ತದೆ. ಘೋರ ದುರ್ವರ್ತನೆಯ ಹೊರತು ಅನ್ಯ ಕಾರಣದಿಂದ ಕೆಲಸ ಬಿಟ್ಟವರಿಗೆ 18 ತಿಂಗಳು, ನೌಕರನ ಮರಣ ಅಥವಾ ವಿವಾಹವಿಚ್ಛೇದನದಿಂದ ವಿಮೆ ಕಳೆದುಕೊಳ್ಳುವ ಪತ್ನಿ ಅಥವಾ ಪತಿ ಮತ್ತು ಮಕ್ಕಳಿಗೆ 36 ತಿಂಗಳು, ಅದೇ ಸಾಮೂಹಿಕ ವಿಮೆಯನ್ನು ಮುಂದುವರಿಸಿಕೊಳ್ಳುವ ಹಕ್ಕುಂಟು. ಹಣ ಮಾತ್ರ ಅವರದೇ: ಮಾಲಿಕನು ಹಿಂದೆ ತೆರುತ್ತಿದ್ದ ಪಾಲೂ ಸೇರಿದ ಪೂರ್ಣ ವೆಚ್ಚದ ಶೇಕಡ 102ರವರೆಗೆ ವಸೂಲು ಮಾಡಬಹುದು. ಸಂಬಳ ನಿಂತವನಿಗೆ ಇದು ಹಗುರವಾದ ಹೊರೆಯಲ್ಲ.

ಇನ್ನು ನೋಟೀಸಿನ ವಿಷಯ. ವಿಮೆ ಆರಂಭವಾದ 90 ದಿನಗಳೊಳಗೆ ನೌಕರನಿಗೂ, ವಿಮೆಯಲ್ಲಿ ಸೇರಿದ ಅವನ ಪತ್ನಿಗೂ ಈ ಹಕ್ಕನ್ನು ವಿವರಿಸುವ ಪತ್ರ ತಲುಪಿಸಬೇಕು. ನೌಕರಿ ಹೋದಾಗ ಮಾಲಿಕನು ಯೋಜನೆಯ ಆಡಳಿತಗಾರನಿಗೆ 30 ದಿನಗಳಲ್ಲಿ ತಿಳಿಸಬೇಕು. ಆಡಳಿತಗಾರನು 14 ದಿನಗಳಲ್ಲಿ ಕುಟುಂಬಕ್ಕೆ ಆಯ್ಕೆಯ ಪತ್ರ ಕಳುಹಿಸಬೇಕು. ಮಾಲಿಕನೇ ಆಡಳಿತಗಾರನಾಗಿದ್ದರೆ ಒಟ್ಟು 44 ದಿನಗಳು. ಪತ್ರ ಬಂದ ದಿನ, ವಿಮೆ ನಿಂತ ದಿನ, ಇವೆರಡರಲ್ಲಿ ತಡವಾದುದರಿಂದ 60 ದಿನಗಳವರೆಗೆ ಆಯ್ಕೆಗೆ ಅವಕಾಶ. ಆಯ್ಕೆಯ ಬಳಿಕ ಮೊದಲ ಕಂತಿಗೆ 45 ದಿನ. ಆಯ್ಕೆ ಮಾಡಿ ಹಣ ತೆತ್ತರೆ ವಿಮೆ ಹಿಂದಿನ ದಿನಾಂಕದಿಂದಲೇ ಜಾರಿಯಲ್ಲಿತ್ತೆಂದು ಭಾವಿಸಲಾಗುವುದು.

ವಿಚ್ಛೇದನದ ಪ್ರಸಂಗದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಮನೆಯೊಳಗಿನ ಸಂಗತಿ ಮಾಲಿಕನಿಗೆ ತಿಳಿಯದೆಂಬ ಕಾರಣದಿಂದ, ತಿಳಿಸುವ ಭಾರ ಕುಟುಂಬದ ಮೇಲೆಯೇ ಬೀಳುತ್ತದೆ. ಯೋಜನೆ ಗೊತ್ತುಮಾಡಿದ ಅವಧಿಯೊಳಗೆ (ಅದು 60 ದಿನಗಳಿಗೆ ಕಡಿಮೆಯಿರಕೂಡದು) ಸುದ್ದಿ ಮುಟ್ಟದಿದ್ದರೆ ವಿಚ್ಛೇದಿತೆಯ ಹಕ್ಕು ನಷ್ಟವಾಗುತ್ತದೆ. ಅವಳಿಗೆ ಇದನ್ನು ಕಲಿಸಬೇಕಾದುದು ಎಷ್ಟೋ ವರ್ಷಗಳ ಹಿಂದೆ ಬಂದಿದ್ದ ಆ ಮೊದಲನೆಯ ಪತ್ರ. ದಂಪತಿಗಳು ಒಂದೇ ವಿಳಾಸದಲ್ಲಿದ್ದರೆ ಇಬ್ಬರ ಹೆಸರಿಗೂ ಒಂದೇ ಲಕೋಟೆ ಸಾಕೆಂದು ನಿಯಮವಿದೆ. ಅದನ್ನು ಒಡೆದವರಾರು, ಓದಿದವರಾರು? ಕಾರ್ಮಿಕ ಇಲಾಖೆಯ 2004ರ ನಿಯಮಾವಳಿ ಒಂದು ರಕ್ಷಣೆಯನ್ನೊದಗಿಸಿತು: ಈ ಕರ್ತವ್ಯವನ್ನು ಅವಳಿಗೆ ವಿಧಿವತ್ತಾಗಿ ತಿಳಿಸುವವರೆಗೆ ಅವಧಿಯ ಎಣಿಕೆಯೇ ಆರಂಭವಾಗದು. ಇಡೀ ವ್ಯವಸ್ಥೆಯಲ್ಲಿ ಇದೇ ಅತ್ಯಂತ ನ್ಯಾಯಯುತವಾದ ಅಂಶವೆಂದು ನಮ್ಮ ಅಭಿಪ್ರಾಯ.

ನೋಟೀಸು ಕೊಡದ ಆಡಳಿತಗಾರನಿಗೆ ನ್ಯಾಯಾಲಯವು ತನ್ನ ವಿವೇಚನೆಯಂತೆ ದಿನಕ್ಕೆ 110 ಡಾಲರುಗಳವರೆಗೆ ದಂಡ ವಿಧಿಸಬಹುದು; ತೆರಿಗೆಯ ರೂಪದ ದಂಡ ಬೇರೆ. ಆದರೆ ಪತ್ರವು ಕೈಸೇರಿತೆಂದು ಸಿದ್ಧಪಡಿಸಬೇಕಾಗಿಲ್ಲ; ತಲುಪುವಂಥ ಕ್ರಮದಲ್ಲಿ, ಕೊನೆಯದಾಗಿ ತಿಳಿದಿದ್ದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದರೆ ಸಾಮಾನ್ಯವಾಗಿ ಸಾಕೆಂಬುದು ಅಲ್ಲಿಯ ನ್ಯಾಯಾಲಯಗಳ ನಿಲವು. ಶಾಸನ ಕೇಳುವುದು ಪ್ರಾಮಾಣಿಕ ಪ್ರಯತ್ನವನ್ನು, ಫಲವನ್ನಲ್ಲ.

ಎಚ್-1ಬಿ ವೀಸಾದ ಮೇಲೆ ಅಲ್ಲಿ ದುಡಿಯುವ ಕನ್ನಡಿಗರಿಗೆ ಈ ದಿನಗಳ ಲೆಕ್ಕ ಇನ್ನೂ ಬಿಗಿಯಾದುದು. 2017ರಲ್ಲಿ ಜಾರಿಗೆ ಬಂದ ನಿಯಮದಂತೆ, ನೌಕರಿ ಹೋದ ಮೇಲೆ ಅವರು ಆ ದೇಶದಲ್ಲಿ ನಿಲ್ಲಲು ದೊರೆಯುವ ವಿನಾಯಿತಿ ಹೆಚ್ಚೆಂದರೆ 60 ದಿನಗಳು. ಆ ಎಣಿಕೆ ನೌಕರಿ ಮುಗಿದೊಡನೆ ಮೊದಲಾಗುತ್ತದೆ; ಕೋಬ್ರಾದ 60 ದಿನಗಳಾದರೋ ಪತ್ರಕ್ಕಾಗಿ ಕಾದಿರುತ್ತವೆ. ಮಾಲಿಕನು ಶಾಸನವನ್ನು ಅಣುಮಾತ್ರವೂ ಮೀರದೆ 44ನೆಯ ದಿನ ಪತ್ರವನ್ನು ಅಂಚೆಗೆ ಹಾಕಿದನೆಂದು ಇಟ್ಟುಕೊಳ್ಳೋಣ: ಅದು ಹೊರಡುವ ಹೊತ್ತಿಗೆ ಆ ಕುಟುಂಬಕ್ಕೆ ಅಲ್ಲಿ ಉಳಿದಿರುವುದು 16 ದಿನ, ಮತ್ತು ಪತ್ರ ಹೋಗುವುದು ಅವರು ಆಗಲೇ ಖಾಲಿ ಮಾಡಿರಬಹುದಾದ ಮನೆಗೆ.