ನಾಣ್ಯದ ಆನೆ, ಬರಗಾಲದ ರೈಲು

ನಿಮ್ಮ ಮನೆಯ ಚಿಲ್ಲರೆ ಡಬ್ಬಿಯನ್ನು ಒಮ್ಮೆ ಸುರಿದು ನೋಡಿ. 2003ರ ಎರಡು ರೂಪಾಯಿ ನಾಣ್ಯವೊಂದರಲ್ಲಿ ಲಾಟೀನು ಹಿಡಿದ ಪುಟ್ಟ ಆನೆ ಕಾಣಸಿಕ್ಕೀತು. ಭಾರತೀಯ ರೈಲ್ವೆಗೆ 150 ವರ್ಷ ತುಂಬಿದ ನೆನಪಿಗೆ ಹೊರತಂದ ನಾಣ್ಯವದು. ಆನೆಯ ಹೆಸರು ಭೋಲು. 2002ರ ಏಪ್ರಿಲ್ 16ರಂದು ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಹಸಿರು ದೀಪ ತೋರಿಸುತ್ತಾ ಅದು ಮೊದಲು ಕಾಣಿಸಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ!

ಆ ದಿನವನ್ನೇ ಆರಿಸಿದ್ದೇಕೆ? 1853ರ ಏಪ್ರಿಲ್ 16ರಂದು ಮುಂಬೈಯ ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿ ಎಂಜಿನ್‌ಗಳು 14 ಡಬ್ಬಿಗಳನ್ನೂ ಸುಮಾರು 400 ಅತಿಥಿಗಳನ್ನೂ 34 ಕಿಲೋಮೀಟರ್ ಎಳೆದೊಯ್ದವು. ಬ್ರಿಟನ್ನಿನಲ್ಲಿ ರಿಚರ್ಡ್ ಟ್ರೆವಿಥಿಕ್ 1804ರಲ್ಲಿ ಹಳಿಯ ಮೇಲೆ ಓಡಿಸಿದ ಉಗಿ ಎಂಜಿನ್‌ಗೂ 2004ರಲ್ಲಿ ಎರಡು ಪೌಂಡಿನ ನಾಣ್ಯ ಬಂತು.

ನಾಣ್ಯಗಳು ಸಂಭ್ರಮವನ್ನಷ್ಟೇ ಹೇಳುತ್ತವೆ. ನಮ್ಮ ಜಿಲ್ಲೆಗೆ ರೈಲು ಬಂದದ್ದು ಹಸಿವಿನ ಹಿಂದೆ.

ನಿಡೋಣಿ, ಬಬಲೇಶ್ವರ, ತಿಕೋಟಾದ ನೆಲಕ್ಕೆ ಬರ ಹೊಸದಲ್ಲ. ಆದರೆ 1876-78ರ ಬರ ಭೀಕರವಾಗಿತ್ತು. ಸೊಲ್ಲಾಪುರಕ್ಕೆ 1860ರಲ್ಲೇ ರೈಲು ಬಂದಿದ್ದರೂ ಅಲ್ಲಿಂದ ಈ ಹಳ್ಳಿಗಳಿಗೆ ಕಾಳು ಬರಬೇಕಿದ್ದದ್ದು ಚಕ್ಕಡಿಯಲ್ಲೇ. ಮೇವು ನೀರಿಲ್ಲದೆ ಎತ್ತುಗಳೇ ಬಿದ್ದರೆ ಚಕ್ಕಡಿ ಎಳೆಯುವವರು ಯಾರು?

ಈ ಪಾಠ ಕಲಿತ ಸರಕಾರ ಬರಪೀಡಿತ ಪ್ರದೇಶಗಳಿಗೆ ಹಳಿ ಹಾಕಿಸಲು ಮುಂದಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಹುಟ್ಟಿತು. 1884ರಲ್ಲಿ ಹೊಟಗಿ-ಗದಗ ಮೀಟರ್‌ಗೇಜ್ ದಾರಿ ವಿಜಯಪುರದ ಮೂಲಕ ಹಾದುಹೋಯಿತು. ಗೋಲಗುಂಬಜದ ಬಳಿಯೇ ನಿಲ್ದಾಣ ಎದ್ದಿತು. ಮರುವರ್ಷವೇ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು.

ಆದರೆ ರೈಲು ಧಾನ್ಯ ತರುವಂತೆ ಹೊತ್ತೊಯ್ಯಲೂ ಬಲ್ಲದು. ಆ ಬರದಲ್ಲಿ ಹಳಿಯಿದ್ದ ಊರುಗಳಲ್ಲೂ ಜನ ಸತ್ತರು. ಮಾರುಕಟ್ಟೆಯಲ್ಲಿ ಜೋಳವಿದ್ದರೂ ಕೊಳ್ಳಲು ಬಡವರ ಕೈಯಲ್ಲಿ ಕಾಸಿರಲಿಲ್ಲ. ಹಳಿಯಷ್ಟೇ ಅಗತ್ಯವಾದದ್ದು ದುಡಿಮೆ ಮತ್ತು ಕೂಲಿ.

ಆ ಆನೆಯ ನಾಣ್ಯ ಸಿಕ್ಕರೆ ಮಕ್ಕಳ ಕೈಗಿಡಿ. ಮುಂಬೈಯ ಮೊದಲ ರೈಲಿನ ಕಥೆ ಹೇಳಿ. ಜೊತೆಗೆ, ಒಂದು ಹಿಡಿ ಜೋಳಕ್ಕಾಗಿ ದಾರಿ ಕಾದ ನಮ್ಮ ಹಿರಿಯರ ಕಥೆಯನ್ನೂ ಹೇಳಿ. ತಟ್ಟೆಯಲ್ಲಿ ರೊಟ್ಟಿ ಬಿಡುವ ಮುನ್ನ ಅವರು ಒಮ್ಮೆ ಯೋಚಿಸಿಯಾರು.