ಚ್ಯೂ ಗ್ರೀನ್

ಚ್ಯೂ ಗ್ರೀನ್ ಇಂಗ್ಲೆಂಡಿನ ನಾರ್ತಂಬರ್ಲ್ಯಾಂಡ್ ಕೌಂಟಿಯಲ್ಲಿ, ಸ್ಕಾಟ್ಲೆಂಡ್ ಗಡಿಗೆ ಹೊಂದಿಕೊಂಡಿರುವ ಪುರಾತತ್ತ್ವ ನೆಲೆ. ಚೆವಿಯಟ್ ಬೆಟ್ಟಗಳಲ್ಲಿ, ಕೊಕೆಟ್ ನದಿಯ ಉಗಮದ ಸಮೀಪವಿರುವ ಇಲ್ಲಿ ರೋಮನ್ ಸೇನಾ ಶಿಬಿರಗಳ ಹಾಗೂ ಮಧ್ಯಯುಗದ ಹಳ್ಳಿಯೊಂದರ ಅವಶೇಷಗಳು ಒಟ್ಟಿಗೆ ಉಳಿದುಬಂದಿವೆ.

ರೋಮನ್ ಶಿಬಿರಗಳು

ಯಾರ್ಕ್ ನಗರದಿಂದ ಉತ್ತರಕ್ಕೆ ಸಾಗುತ್ತಿದ್ದ ಡಿಯರ್ ಸ್ಟ್ರೀಟ್ ಎಂಬ ರೋಮನ್ ಹೆದ್ದಾರಿ ಈ ಸ್ಥಳದ ಮೂಲಕ ಹಾದುಹೋಗುತ್ತದೆ. ಕ್ರಿ.ಶ. 1ನೆಯ ಶತಮಾನದ ಕೊನೆಯ ಭಾಗದಿಂದ ಸೇನೆಗಳು ಈ ಮಾರ್ಗದಲ್ಲಿ ಸಂಚರಿಸಿದವು. ಪಯಣದ ನಡುವೆ ತಂಗುವಾಗ ಸೈನಿಕರು ಸುತ್ತಲೂ ಕಂದಕ ತೋಡಿ, ಆ ಮಣ್ಣನ್ನೇ ಒಳಬದಿಗೆ ಪೇರಿಸಿ ದಿಬ್ಬ ಕಟ್ಟಿ, ಒಳಗೆ ಚರ್ಮದ ಡೇರೆಗಳನ್ನು ಹೂಡುತ್ತಿದ್ದರು. ಇಂತಹ ತಾತ್ಕಾಲಿಕ ಶಿಬಿರಗಳಲ್ಲದೆ ಇಲ್ಲಿ ಚಿಕ್ಕ ಕೋಟೆಯೊಂದೂ ಇದೆ. ಶಿಬಿರಗಳು ಒಂದರ ಮೇಲೊಂದು ಹಾದುಹೋಗಿವೆ. ಒಂದರ ಕಂದಕವು ಇನ್ನೊಂದರ ದಿಬ್ಬವನ್ನು ಕತ್ತರಿಸಿದ್ದರೆ, ಕತ್ತರಿಸಿದ್ದು ನಂತರದ್ದು ಎಂಬ ತರ್ಕದಿಂದ ಅವುಗಳ ಕಾಲಕ್ರಮವನ್ನು ನಿರ್ಣಯಿಸಲಾಗುತ್ತದೆ.

ನಂತರದ ಕಾಲ

ಮಧ್ಯಯುಗದಲ್ಲಿ ಈ ಮಾರ್ಗಕ್ಕೆ ಗ್ಯಾಮೆಲ್ಸ್‌ಪಾತ್ ಎಂಬ ಹೆಸರಿತ್ತು. ಎರಡು ರಾಜ್ಯಗಳ ಪ್ರಜೆಗಳ ನಡುವಿನ ವ್ಯಾಜ್ಯಗಳನ್ನು ತೀರ್ಮಾನಿಸುವ ಸ್ಥಳಗಳಲ್ಲಿ ಇದನ್ನೂ 1249ರ ಗಡಿ ಕಾನೂನುಗಳು ಹೆಸರಿಸಿವೆ. ಶಿಬಿರಗಳ ಬಳಿ ಬೆಳೆದ ಹಳ್ಳಿಯು ಕಾಲಾನಂತರ ಪಾಳುಬಿದ್ದಿತು. ಅದರ ಮನೆಗಳ ತಳಪಾಯಗಳೂ ಆವರಣಗಳ ಮಣ್ಣಿನ ಏರಿಗಳೂ ರೋಮನ್ ದಿಬ್ಬಗಳೊಡನೆ ಬೆರೆತಿರುವುದರಿಂದ, ಯಾವುದು ಯಾವ ಕಾಲದ್ದೆಂದು ನೋಡಿದೊಡನೆ ಗುರುತಿಸುವುದು ಸುಲಭವಲ್ಲ.

ಸಂರಕ್ಷಣೆ

ಈ ನೆಲೆಯು ಕಾನೂನಿನ ರಕ್ಷಣೆ ಪಡೆದ ಸ್ಮಾರಕವಾಗಿದೆ. ಇದು ಆಟರ್‌ಬರ್ನ್ ಸೇನಾ ತರಬೇತಿ ಪ್ರದೇಶದೊಳಗಿರುವುದರಿಂದ, ಗುಂಡು ಹಾರಿಸುವ ಅಭ್ಯಾಸ ನಡೆಯುವಾಗ ಸಾರ್ವಜನಿಕರ ಸಂಚಾರಕ್ಕೆ ನಿರ್ಬಂಧವಿರುತ್ತದೆ.