ಪರ್ವದ ಮುನ್ನಾದಿನದ ಪಯಣ

ಹಬ್ಬದ ದಿವಸ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ನಮ್ಮ ಹಿರಿಯರು ಬೇಕಾದಷ್ಟು ವಿಸ್ತಾರವಾಗಿ ಹೇಳಿಟ್ಟಿರುವರು. ಸ್ನಾನಕ್ಕೊಂದು ಹೊತ್ತು, ಪೂಜೆಗೊಂದು ಕ್ರಮ, ನೈವೇದ್ಯಕ್ಕೊಂದು ವಿಧಿ, ಅತಿಥಿಗಳ ಉಪಚಾರಕ್ಕೊಂದು ಮರ್ಯಾದೆ. ಆದರೆ ಆ ಹಬ್ಬಕ್ಕೆಂದು ದೂರದೂರಿನಿಂದ ಬರತಕ್ಕವನು ಎಂದು ಹೊರಡಬೇಕು, ದಾರಿಯ ನಡುವೆಯೇ ಪರ್ವಕಾಲವು ಬಂದೊದಗಿದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಗೃಹಸ್ಥರಾದ ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಈ ವಿಚಾರವನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿ ನಿಯಮಗಳನ್ನು ಕಟ್ಟಿಕೊಂಡ ಜನಾಂಗವೊಂದುಂಟು, ಅವರೇ ಯೆಹೂದ್ಯರು. ಪುತ್ತೂರು ಸೀಮೆಯ ಮೇಷ್ಟರೊಬ್ಬರಿಗೆ ಯೆಹೂದ್ಯರ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಅದಕ್ಕೆ ಕಾರಣವು ನಮ್ಮ ಮನೆಯ ಜಗಲಿಯಲ್ಲಿಯೇ ನಡೆದ ಒಂದು ಸಂಗತಿ. ಅದನ್ನು ಮೊದಲು ಅರಿಕೆಮಾಡಿಕೊಳ್ಳುವೆವು.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಮನೆಗಳಲ್ಲಿ ಘಟ್ಟದ ಮೇಲೆ ಚಾಕರಿಗೆ ಹೋದ ಮಕ್ಕಳಿಲ್ಲದ ಮನೆ ವಿರಳ. ಏಪ್ರಿಲ್ ೧೭ರಂದು ಪುತ್ತೂರಿನ ಮಹಾಲಿಂಗೇಶ್ವರನ ರಥವೆಂದರೆ, ಮಾರ್ಗಶಿರದಲ್ಲಿ ಕುಕ್ಕೆಯ ಚಂಪಾಷಷ್ಠಿಯೆಂದರೆ, ಇಲ್ಲವೆ ಮನೆಯಲ್ಲಿ ಹಿರಿಯರ ತಿಥಿಯೆಂದರೆ ಅವರೆಲ್ಲರೂ ಘಟ್ಟವಿಳಿದು ಬರಬೇಕು. ಸಕಲೇಶಪುರದಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ೫೭ ಸುರಂಗಗಳನ್ನು ದಾಟಿ ರೈಲು ಬರುತ್ತದೆ. ಶಿರಾಡಿಯಲ್ಲಿಯೂ ಸಂಪಾಜೆಯಲ್ಲಿಯೂ ಹೆದ್ದಾರಿಗಳಿವೆ. ನಮ್ಮ ಬಾಲ್ಯದಲ್ಲಿಯಾದರೋ ಮಳೆಗಾಲ ಬಂದಿತೆಂದರೆ ಹೊಸಮಠದ ತಗ್ಗು ಸೇತುವೆಯು ನೀರಿನಲ್ಲಿ ಮುಳುಗಿ, ಕಡಬಕ್ಕೆ ಹೋಗತಕ್ಕವರು ಈಚೆ ದಡದಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತಿರುತ್ತಿದ್ದರು. ಈಗ ಅಲ್ಲಿ ಎತ್ತರದ ಸೇತುವೆ ಬಂದಿದೆ. ದಾರಿ ಸುಗಮವಾದಷ್ಟೂ ನಾವು ಹೊರಡುವುದು ತಡವಾಯಿತು. ಹಿಂದೆ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬರುತ್ತಿದ್ದವರು ಈಗ ಹಿಂದಿನ ರಾತ್ರಿ ಹೊರಟು ಬೆಳಗ್ಗೆ ಸ್ನಾನಕ್ಕೆ ಮುಟ್ಟುವುದನ್ನೇ ಜಾಣತನವೆಂದು ಬಗೆದಿರುವರು.

೨೦೧೮ನೆಯ ಇಸವಿಯ ಶ್ರಾವಣಮಾಸ. ನಮ್ಮ ತೀರ್ಥರೂಪರ ಶ್ರಾದ್ಧವು ಶುಕ್ಲ ದಶಮಿಯಂದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಕಿರಿಯ ಸಹೋದರನಿಗೆ ಎರಡು ದಿನ ರಜೆ ದೊರೆಯಲಿಲ್ಲ. ಎಂದಿನಂತೆ ಹಿಂದಿನ ದಿನ ಸಂಜೆ ಹೊರಡುವೆನೆಂದು ತಿಳಿಸಿದನು. ಆ ಆಗಸ್ಟಿನ ಮಳೆಯನ್ನು ನಮ್ಮ ಸೀಮೆಯವರು ಮರೆಯಲಾರರು. ಶಿರಾಡಿಯಲ್ಲಿ ಗುಡ್ಡ ಜರಿದು ಮಾರ್ಗ ಮುಚ್ಚಿತು. ಜೋಡುಪಾಲದಲ್ಲಿ ಭೂಮಿಯೇ ಕುಸಿದು ಸಂಪಾಜೆಯ ದಾರಿ ಕಡಿದುಹೋಯಿತು. ರೈಲಿನ ಹಳಿಗಳ ಮೇಲೆಯೂ ಮಣ್ಣು ಬಂದು ಕುಳಿತಿತು. ಅವನು ಚಾರ್ಮಾಡಿಯನ್ನು ಸುತ್ತಿಕೊಂಡು, ಜಡಿಮಳೆಯಲ್ಲಿ, ಸಾಲುಗಟ್ಟಿದ ವಾಹನಗಳ ಹಿಂದೆ ರಾತ್ರಿಯೆಲ್ಲ ಕಣ್ಣು ಮುಚ್ಚದೆ ಬಂದನು. ಇತ್ತ ಕುತಪಕಾಲವು ಮೀರುವುದೆಂದು ಪುರೋಹಿತರು ಹೇಳಿದರು. ನಾವು ಕರ್ಮವನ್ನು ಆರಂಭಿಸಿದೆವು. ಬ್ರಾಹ್ಮಣರ ಎಲೆಗಳನ್ನು ತೆಗೆಯುವ ಹೊತ್ತಿಗೆ ಅವನು ಒದ್ದೆಯಾದ ಬಟ್ಟೆಯಲ್ಲಿ ಜಗಲಿಯ ಮೆಟ್ಟಿಲ ಬಳಿ ಬಂದು ನಿಂತು, “ಮುಗಿಯಿತೇ ಅಣ್ಣಾ?” ಎಂದನು. ಮೂವತ್ತು ವರ್ಷಕ್ಕೂ ಮೇಲಾಗಿ ಪಾಠ ಹೇಳಿದ ನಮ್ಮ ನಾಲಗೆಯು, “ತಿಥಿಯು ಯಾರಿಗಾಗಿಯೂ ಕಾಯುವುದಿಲ್ಲ” ಎಂದುಬಿಟ್ಟಿತು. ಅವನು ಮರುಮಾತಾಡದೆ ಕಾಲು ತೊಳೆದುಕೊಂಡು ಒಳಗೆ ಹೋದನು. ದಾರಿಯಲ್ಲಿ ತನ್ನ ಕಣ್ಣೆದುರಿಗೇ ಮರವೊಂದು ಬುಡಮೇಲಾಗಿ ಉರುಳಿದುದನ್ನು ಅವನು ನಮ್ಮಲ್ಲಿ ಹೇಳಲಿಲ್ಲ. ತಿಂಗಳು ಕಳೆದ ಮೇಲೆ ಅವನ ಹೆಂಡತಿಯಿಂದ ನಮಗೆ ತಿಳಿಯಿತು.

ಅಂದಿನಿಂದ ಈ ಪ್ರಶ್ನೆಯು ನಮ್ಮ ಮನಸ್ಸನ್ನು ಕೊರೆಯತೊಡಗಿತು. ಕಾಲಕ್ಕೆ ಕಟ್ಟುಬಿದ್ದ ಇತರ ಜನರು ದಾರಿಯನ್ನು ಹೇಗೆ ನಿಭಾಯಿಸಿರುವರೆಂದು ಹುಡುಕುತ್ತ ಹೋದಾಗ ಯೆಹೂದ್ಯರ ಧರ್ಮಗ್ರಂಥಗಳ ವಿಚಾರವು ನಮ್ಮ ಓದಿಗೆ ಬಂದಿತು.

ಅವರಿಗೆ ವಾರದ ಏಳನೆಯ ದಿನವೇ ಸಬ್ಬತ್ತು. ಅದು ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗಿ ಶನಿವಾರ ರಾತ್ರಿ ಮೂರು ನಕ್ಷತ್ರಗಳು ಕಾಣುವವರೆಗೆ ಇರುವುದು. ಸೂರ್ಯಾಸ್ತಕ್ಕೆ ೧೮ ನಿಮಿಷ ಮೊದಲು ಮನೆಯ ಗೃಹಿಣಿಯು ದೀಪ ಹಚ್ಚುವುದು ಅನೇಕ ಕಡೆ ವಾಡಿಕೆ. ಅಂದು ಮಾಡಬಾರದ ಕೆಲಸಗಳನ್ನು ಸುಮಾರು ಕ್ರಿ. ಶ. ೨೦೦ರ ಹೊತ್ತಿಗೆ ಸಂಕಲಿತವಾದ ಮಿಷ್ನಾ ಎಂಬ ಗ್ರಂಥವು ೩೯ ಬಗೆಯಾಗಿ ಎಣಿಸಿದೆ. ಬೆಂಕಿ ಹೊತ್ತಿಸುವುದು ಅವುಗಳಲ್ಲೊಂದು. ಆದಕಾರಣ ನಿಷ್ಠೆಯುಳ್ಳವರು ಇಂದಿಗೂ ಅಂದು ಮೋಟಾರು ನಡೆಯಿಸುವುದಿಲ್ಲ. ಕಾಲ್ನಡಿಗೆಗೂ ಮಿತಿಯುಂಟು. ಊರಿನ ಅಂಚಿನಿಂದ ೨೦೦೦ ಮೊಳ, ಎಂದರೆ ಸುಮಾರು ಒಂದು ಕಿಲೋಮೀಟರಿನ ಆಚೆಗೆ ಹೋಗತಕ್ಕದ್ದಲ್ಲ. ಹೀಗಿರುವಲ್ಲಿ ಶುಕ್ರವಾರ ಸಂಜೆ ದಾರಿಯಲ್ಲಿ ಸಿಕ್ಕಿಬಿದ್ದವನ ಪಾಡೇನು?

ಇದಕ್ಕೆ ಅವರ ಪಂಡಿತರು ಮೊದಲು ಹೇಳಿದ ಉಪಾಯವು ಬಹು ಸರಳವಾದುದು: ಮುಂಚಿತವಾಗಿ ಹೊರಡು. ಸಬ್ಬತ್ತಿಗೆ ಮೂರು ದಿನಗಳೊಳಗಾಗಿ ಹಡಗನ್ನು ಹತ್ತಬಾರದೆಂದು ತಾಲ್ಮೂದ್ ವಿಧಿಸುವುದು. ೧೧ನೆಯ ಶತಮಾನದ ಐಸಾಕ್ ಅಲ್ಫಾಸಿ ಎಂಬ ವ್ಯಾಖ್ಯಾನಕಾರನು ಇದಕ್ಕೆ ಕೊಡುವ ಕಾರಣವು ಮನೋಹರವಾಗಿದೆ. ಸಮುದ್ರದ ಅಲೆಗೆ ಹೊಸಬನಿಗೆ ಓಕರಿಕೆ, ತಲೆಸುತ್ತು ಬರುವುವು; ಮೂರು ದಿನ ಕಳೆದರೆ ಮೈ ಹೊಂದಿಕೊಂಡು ಸಬ್ಬತ್ತಿನ ಸಂತೋಷವನ್ನು ಅನುಭವಿಸಲು ಶಕ್ತನಾಗುವನು. ಪರ್ವದಿನಕ್ಕೆ ದೇಹವು ಮುಟ್ಟಿದರೆ ಸಾಲದು, ಮನಸ್ಸೂ ಮುಟ್ಟಬೇಕೆಂದು ಇದರ ತಾತ್ಪರ್ಯ. ಆದರೂ ಅವರು ಈ ನಿಯಮವನ್ನು ಉಕ್ಕಿನ ಸರಳಿನಂತೆ ಇರಿಸಲಿಲ್ಲ. ತೂರ್ ಪಟ್ಟಣದಿಂದ ಸೀದೋನಿಗೆ ಹೋಗುವಂಥ ಸಮೀಪದ ಪಯಣಕ್ಕೆ ಶುಕ್ರವಾರವೂ ಹೊರಡಬಹುದೆಂದರು; ಧರ್ಮಕಾರ್ಯಕ್ಕಾಗಿ ಹೋಗುವವನಿಗೆ ಮೂರು ದಿನಗಳ ಕಟ್ಟಿಲ್ಲವೆಂದರು.

ಇಷ್ಟಾದರೂ ಹೊತ್ತು ತಪ್ಪಿದರೆ? ಅದಕ್ಕೂ ಮಿಷ್ನಾದಲ್ಲಿ ಪ್ರಸಂಗಗಳಿವೆ. ಒಮ್ಮೆ ಹಡಗೊಂದು ಕತ್ತಲಾದ ಮೇಲೆ ರೇವಿಗೆ ಬಂದಿತು. ಇಳಿಯಬಹುದೇ ಎಂದು ಪ್ರಯಾಣಿಕರು ರಬ್ಬಾನ್ ಗಮಲಿಯೇಲನೆಂಬ ಆಚಾರ್ಯನನ್ನು ಕೇಳಿದರು. ಆತನು, ತಾನು ಮೊದಲಿನಿಂದಲೂ ಗಮನಿಸುತ್ತಿದ್ದೆನೆಂದೂ ಕತ್ತಲಾಗುವುದಕ್ಕೆ ಮುಂಚೆಯೇ ಹಡಗು ಮಿತಿಯೊಳಕ್ಕೆ ಬಂದಿತ್ತೆಂದೂ ಹೇಳಿ ಅವರಿಗೆ ಅಪ್ಪಣೆಯಿತ್ತನು. ದೂರವನ್ನಳೆಯುವುದಕ್ಕೆ ಆತನಲ್ಲಿ ಒಂದು ಕೊಳವೆಯಿತ್ತೆಂದು ತಾಲ್ಮೂದ್ ಹೇಳುತ್ತದೆ. ಇನ್ನೊಮ್ಮೆ ನಾಲ್ವರು ಆಚಾರ್ಯರು ಕುಳಿತಿದ್ದ ಹಡಗು ಸಬ್ಬತ್ತಿನಂದು ನಡುಸಮುದ್ರಕ್ಕೆ ಸಾಗಿತು. ಇಬ್ಬರು ಹಡಗಿನ ಉದ್ದಗಲಕ್ಕೂ ಓಡಾಡಿದರು. ಯೆಹೋಶುವ, ಅಕಿಬ ಎಂಬಿಬ್ಬರು ತಮ್ಮ ಮೇಲೆ ತಾವೇ ಕಟ್ಟುನಿಟ್ಟು ಹೇರಿಕೊಂಡು ನಾಲ್ಕು ಮೊಳದಾಚೆಗೆ ಕಾಲಿಡಲಿಲ್ಲ. ಮಿಷ್ನಾ ಈ ಎರಡು ನಡೆಗಳನ್ನೂ ಹೇಳಿದೆ, ಯಾರನ್ನೂ ಜರೆಯುವುದಿಲ್ಲ. ದಾರಿಯಲ್ಲಿ ಕತ್ತಲಾದವನು ತನ್ನ ಹಣದ ಚೀಲವನ್ನು ಅನ್ಯಮತೀಯನ ಕೈಗೆ ಕೊಡಬಹುದು. ಅಂಥವನಿಲ್ಲದಿದ್ದರೆ ಕತ್ತೆಯ ಮೇಲೆ ಇರಿಸಬಹುದು. ಇವೆಲ್ಲಕ್ಕೂ ಮೇಲಾದ ಸೂತ್ರವೊಂದುಂಟು: ಪ್ರಾಣಾಪಾಯದ ಶಂಕೆ ತೋರಿದರೂ ಸಾಕು, ಅದರ ಮುಂದೆ ಸಬ್ಬತ್ತು ಹಿಂದೆ ಸರಿಯಬೇಕು.

ಈ ಸಂಗತಿಗಳು ಎಲ್ಲಿಯೋ ದೂರದವುಗಳೆಂದು ಭಾವಿಸಬೇಕಾಗಿಲ್ಲ. ೧೨ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿಯೇ ಯೆಹೂದ್ಯ ಗೃಹಸ್ಥನೊಬ್ಬನು ಸಂಸಾರ ಹೂಡಿದ್ದನು. ಉತ್ತರ ಆಫ್ರಿಕದ ಮಾಹ್ದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ಆ ವರ್ತಕನು ೧೧೩೨ರಿಂದ ೧೧೪೯ರವರೆಗಿನ ಕಾಲದ ಬಹುಭಾಗವನ್ನು ಈ ಕರಾವಳಿಯಲ್ಲಿ ಕಳೆದನು. ಆಶು ಎಂಬ ಇಲ್ಲಿಯ ಸ್ತ್ರೀಯನ್ನು ವರಿಸಿದನು. ಕಂಚಿನ ಕಾರ್ಖಾನೆಯನ್ನು ನಡೆಯಿಸಿದನು. ಕಬ್ಬಿಣ, ಮೆಣಸು, ಏಲಕ್ಕಿಗಳೊಡನೆ ಅಡಕೆಯನ್ನೂ ಏಡನ್ ಬಂದರಕ್ಕೆ ಕಳುಹಿಸಿದನು. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳು ಬರುತ್ತಿದ್ದುವು. ಅವನ ಪತ್ರಗಳು ಕೈರೋ ನಗರದ ಪುರಾತನ ಯೆಹೂದ್ಯ ಮಂದಿರವೊಂದರ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದು ಬಂದುವು. ಅವುಗಳನ್ನು ಗೋಯ್ಟೈನ್ ಎಂಬ ವಿದ್ವಾಂಸರು ಬೆಳಕಿಗೆ ತಂದರು. ಅವನ ವ್ಯಾಪಾರಕ್ಕಾಗಿ ಕಡಲು ದಾಟಿ ಹೋಗಿಬರುತ್ತಿದ್ದ ಸೇವಕನ ಹೆಸರು ಬೊಮ್ಮ ಎಂಬುದನ್ನು, ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈಯವರೊಡನೆ ವಿಚಾರಿಸಿ, ಅಮಿತಾವ ಘೋಷರು ೧೯೯೨ರ ತಮ್ಮ ಗ್ರಂಥದಲ್ಲಿ ನಿರೂಪಿಸಿರುವರು. ಏಡನಿನಿಂದ ಮಂಗಳೂರಿಗೆ ಬರುವ ಹಡಗಿನಲ್ಲಿ ಒಂದಲ್ಲ, ಹಲವು ಸಬ್ಬತ್ತುಗಳು ಕಳೆಯಲೇಬೇಕು. ಗಾಳಿಗೆ ವಾರದ ಲೆಕ್ಕವಿಲ್ಲವಷ್ಟೆ! ಆ ಮೂರು ದಿನಗಳ ನಿಯಮವಿಲ್ಲದೆ ಹೋಗಿದ್ದರೆ ನಿಷ್ಠಾವಂತನಾದ ಯೆಹೂದ್ಯನು ನಮ್ಮ ತೀರವನ್ನು ಕಾಣುವುದೇ ಕಷ್ಟವಾಗುತ್ತಿತ್ತು.

ಕೊಂಕಣ ತೀರದ ಬೆನೆ ಇಸ್ರಾಯೇಲರ ವೃತ್ತಾಂತವೂ ಸ್ಮರಣೀಯವಾದುದು. ಅವರು ಗಾಣದ ಎಣ್ಣೆ ತೆಗೆಯುವವರು; ಶನಿವಾರ ಗಾಣ ಹೂಡುತ್ತಿರಲಿಲ್ಲ. ಇದನ್ನು ಕಂಡ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಬಿಡುವಿನ ದಿನವೇ ಅವರಿಗೆ ಹೆಸರಾಯಿತು.

ಅವರ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ಅನುಸರಿಸಿ, ಸೂರ್ಯನಿಗೆ ಹೊಂದಿಸುವುದಕ್ಕಾಗಿ ೧೯ ವರ್ಷಗಳಲ್ಲಿ ೭ ಅಧಿಕಮಾಸಗಳನ್ನು ಇಟ್ಟುಕೊಂಡಿದೆ. ಪೂರ್ವದಲ್ಲಿ ಅಮಾವಾಸ್ಯೆ ಕಳೆದು ಚಂದ್ರದರ್ಶನವಾದ ವಾರ್ತೆಯು ದೂರದೇಶದವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟದೆ ಸಂದೇಹ ಬರುತ್ತಿದ್ದುದರಿಂದ, ಅವರು ಮುಖ್ಯವಾದ ಹಬ್ಬಗಳನ್ನು ಒಂದರ ಬದಲು ಎರಡು ದಿನ ಆಚರಿಸತೊಡಗಿದರು. ಲೆಕ್ಕ ಖಚಿತವಾದ ಮೇಲೂ ಆ ಪದ್ಧತಿಯು ಉಳಿಯಿತು. ಅರುಣೋದಯಕ್ಕೆ ದಶಮಿಯ ಸೋಂಕಿದೆಯೆಂದು ಸ್ಮಾರ್ತರಿಗೊಂದು, ವೈಷ್ಣವರಿಗೊಂದು ಏಕಾದಶಿಯನ್ನು ಕಾಣುವ ನಮಗೆ ಇದು ಅಪರಿಚಿತವಲ್ಲ. ಪಸ್ಕಹಬ್ಬದಲ್ಲಿ ಅವರ ಮನೆಗಳಲ್ಲಿ ಹುಳಿ ಬಂದ ಹಿಟ್ಟಿನ ಕಣವೂ ಇರಕೂಡದು. ಆ ಹಬ್ಬಕ್ಕೆ ೩೦ ದಿನಗಳೊಳಗೆ ದೂರ ಪ್ರಯಾಣ ಹೊರಡುವವನು ಮನೆಯನ್ನು ಶೋಧಿಸಿ ಶುಚಿಮಾಡಿಯೇ ಹೊರಡಬೇಕೆಂದು ವಿಧಿಯಿದೆ. ದಾರಿಯಲ್ಲಿ ಏನಾಗುವುದೋ ಬಲ್ಲವರಾರು? ಇಂದಿನ ಕಾಲದಲ್ಲಿಯೂ, ಇಸ್ರಾಯೇಲ್ ದೇಶದ ಎಲ್ ಆಲ್ ವಿಮಾನಗಳು ೧೯೮೨ರಿಂದ ಸಬ್ಬತ್ತಿನಂದು ಹಾರುವುದಿಲ್ಲ. ಶುಕ್ರವಾರ ಸಂಜೆಯ ವಿಮಾನ ತಡವಾದರೆ ಏನು ಗತಿಯೆಂದು ಯೋಚಿಸಿ ಸಂಸಾರಸ್ಥರು ಗುರುವಾರವೇ ಊರು ಸೇರಲು ಬಯಸುವುದರಲ್ಲಿ ಆಶ್ಚರ್ಯವೇನಿದೆ?

ದಾರಿಹೋಕನಲ್ಲಿ ಕರುಣೆ ತೋರದ ಧರ್ಮವಿಲ್ಲ. ರಮಜಾನಿನ ದಿನಗಳಲ್ಲಿ ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಸಂಜೆಯ ಹೊತ್ತಿಗೆ ಖರ್ಜೂರವನ್ನು ಬಾಯಿಗಿಟ್ಟು ಉಪವಾಸ ಬಿಡುವ ಸಹೋದರರನ್ನು ನಾವು ಕಂಡಿದ್ದೇವೆ. ಪಕ್ಕದಲ್ಲಿ ಕುಳಿತವನಿಗೂ ಒಂದನ್ನು ಕೊಡದೆ ಅವರು ತಿನ್ನರು. ಪ್ರಯಾಣಿಕನು ಉಪವಾಸವನ್ನು ಬಿಟ್ಟು ಬೇರೆ ದಿನ ಪೂರೈಸಬಹುದೆಂದು ಅವರ ಕುರಾನಿನಲ್ಲಿಯೇ ಅಪ್ಪಣೆಯುಂಟು. ನಮ್ಮ ಶಾಸ್ತ್ರಕಾರರೂ ಆಪದ್ಧರ್ಮವೆಂದು ಪ್ರತ್ಯೇಕವಾಗಿ ಹೇಳಿರುವರು. ಇದನ್ನು ನಾವು ಗುರುಮುಖದಿಂದ ಓದಿದ್ದೆವು, ವಿದ್ಯಾರ್ಥಿಗಳಿಗೆ ಬೋಧಿಸಿಯೂ ಇದ್ದೆವು. ಜಗಲಿಯ ಮೆಟ್ಟಿಲ ಬಳಿ ನೆನೆದು ನಿಂತ ತಮ್ಮನನ್ನು ಕಂಡಾಗ ಮಾತ್ರ ಅದು ನೆನಪಿಗೆ ಬರಲಿಲ್ಲ. ತಿಥಿಯು ಯಾರಿಗಾಗಿಯೂ ಕಾಯುವುದಿಲ್ಲವೆಂಬ ಮಾತು ಸುಳ್ಳಲ್ಲ. ಆದರೆ ತಿಥಿಯು ಕಾಯದಿದ್ದರೂ ಅಣ್ಣನಾದವನು ಕಾಯಬಹುದಾಗಿತ್ತು. ಕರ್ಮವನ್ನು ನಿಲ್ಲಿಸಿಯಲ್ಲ, ಬಂದವನಿಗೆ ಒಣಗಿದ ಪಂಚೆಯೊಂದನ್ನು ಹಿಡಿದುಕೊಂಡು.

ಮರುವರ್ಷದ ಶ್ರಾವಣಕ್ಕೆ ಎರಡು ತಿಂಗಳಿರುವಾಗಲೇ ನಾವು ಅವನಿಗೆ ಕಾಗದ ಬರೆದೆವು. ಹಿಂದಿನ ವರ್ಷದ ನಮ್ಮ ಮಾತಿಗೆ ಕ್ಷಮೆ ಕೇಳಿ, ಮೂರು ದಿನ ಮುಂಚಿತವಾಗಿ ಬರಬೇಕೆಂದೂ, ರಜೆ ದೊರೆಯದಿದ್ದರೆ ಅಲ್ಲಿಯೇ ಸ್ನಾನಮಾಡಿ ತಂದೆಯವರನ್ನು ಸ್ಮರಿಸಿ ತಿಲೋದಕ ಕೊಟ್ಟರೆ ಸಾಕೆಂದೂ, ರಾತ್ರಿ ಘಟ್ಟವಿಳಿಯಕೂಡದೆಂದೂ ತಿಳಿಸಿದೆವು. ಅವನು ಮೂರನೆಯ ದಿನಕ್ಕೇ ಬಂದನು. ದಶಮಿಯವರೆಗಿನ ಆ ದಿನಗಳಲ್ಲಿ ಇಬ್ಬರೂ ತೋಟದಲ್ಲಿ ತಿರುಗಾಡಿದೆವು. ಗಾಳಿಗೆ ಬಿದ್ದ ಕಂಗುಗಳನ್ನು ಎಣಿಸಿದೆವು. ತೀರ್ಥರೂಪರ ಹಳೆಯ ಮಾತುಗಳನ್ನು ಒಬ್ಬರಿಗೊಬ್ಬರು ನೆನಪು ಮಾಡಿಕೊಟ್ಟೆವು. ಶ್ರಾದ್ಧವು ಹೋಮದೊಡನೆ ಆರಂಭವಾಗುವುದೆಂದು ನಾವು ತಿಳಿದಿದ್ದೆವು. ಆ ವರ್ಷ ಅದು ಮೂರು ದಿನ ಮೊದಲೇ ಆರಂಭವಾಗಿತ್ತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ದೂರದ ಮಕ್ಕಳಿಗೆ ಹಬ್ಬದ ದಿನವನ್ನು ಮಾತ್ರ ತಿಳಿಸದೆ, ಹೊರಡಬೇಕಾದ ದಿನವನ್ನೂ ತಿಳಿಸಿರಿ. ಅನ್ನವನ್ನು ಬೆಚ್ಚಗಿರಿಸಿರಿ. ತಡವಾಗಿ ಬಂದವನನ್ನು ಮೊದಲು ದಾರಿಯ ಕ್ಷೇಮವನ್ನು ವಿಚಾರಿಸಿರಿ. ಹೊತ್ತಿನ ಮಾತು ಆಮೇಲೆ ಬರಲಿ.